ಕಿತ್ತಳೆಯ ಮೇಲೊಂದು ದಾರ

"ಅಲ್ಲ ಮಾರಾಯ, ಅಮೆರಿಕಕ್ಕೆ ಹೊರಟವ ಹಿಮದ ಕಡೆ ಯಾಕೆ ಹೋಗ್ತಿದ್ದಾನೆ?" ವಿರಾಜಪೇಟೆಯ ಮಾವ ಮೊಬೈಲನ್ನು ನನ್ನ ಮೂಗಿಗೇ ಹಿಡಿದರು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಮೊಮ್ಮಗನ ವಿಮಾನ ಪೂರ್ವಕ್ಕೆ ಹೋಗುವುದು ಬಿಟ್ಟು ಉತ್ತರಕ್ಕೆ ಏರುತ್ತಿತ್ತು. ಪೈಲಟ್ ದಾರಿ ತಪ್ಪಿದ್ದಾನೆಂದೇ ಮಾವನ ತೀರ್ಮಾನ.

ಕಾಫಿ ಕಣದ ಪಕ್ಕದ ಮರದಿಂದ ಒಂದು ಕಿತ್ತಳೆ ಕಿತ್ತು ತಂದೆ. ನಮ್ಮ ಕೊಡಗಿನ ಕಿತ್ತಳೆ ತುಸು ಚಪ್ಪಟೆ. ಭೂಮಿಯೂ ಧ್ರುವಗಳಲ್ಲಿ ಚಪ್ಪಟೆಯೇ, ಆದರೆ ಇಷ್ಟಿಲ್ಲ. ಪೆನ್ನಿನಲ್ಲಿ ಎರಡು ಊರಿಗೆ ಎರಡು ಚುಕ್ಕೆ ಇಟ್ಟು, ಹೂ ಕಟ್ಟುವ ದಾರವನ್ನು ನಡುವೆ ಬಿಗಿದೆ. ದಾರ ತಾನಾಗಿ ತೊಟ್ಟಿನ ಕಡೆ ಜಾರಿ ಕೂತಿತು. ಬಿಗಿದ ದಾರಕ್ಕೆ ಹತ್ತಿರದ ದಾರಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ಆ ದಾರಿ ಸುಮಾರು 14,000 ಕಿ.ಮೀ. ಗೋಡೆಯ ನಕಾಶೆಯ ಮೇಲೆ ಸ್ಕೇಲಿಟ್ಟು ಪೆಸಿಫಿಕ್ ದಾಟಿಸಿದ ಗೆರೆಯಾದರೋ ಸುಮಾರು 16,000!

ತಪ್ಪು ನಕಾಶೆಯದು. 1569ರಲ್ಲಿ ಮರ್ಕೇಟರ್ ಎಂಬ ನಕಾಶೆಗಾರ ಅದನ್ನು ಬರೆದದ್ದೇ ಹಡಗಿನವರಿಗಾಗಿ. ದಿಕ್ಸೂಚಿಯ ಒಂದೇ ಕೋನ ಹಿಡಿದು ಸಾಗಲು ಅನುಕೂಲವಾಗಲೆಂದು ಧ್ರುವದ ಕಡೆಯ ನೆಲವನ್ನೆಲ್ಲ ಹಿಗ್ಗಿಸಿಬಿಟ್ಟ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಅದರ 14 ಪಟ್ಟು.

ಹಾಗಂತ ವಿಮಾನ ದಾರದ ಮೇಲೇ ಹೋಗುವುದಿಲ್ಲ. ದಾರ ಟಿಬೆಟ್ ಮೇಲೆ ಹಾಯುತ್ತದೆ. ಕ್ಯಾಬಿನ್ನಿನ ಒತ್ತಡ ಕೆಟ್ಟರೆ ಉಸಿರಾಡಲು 10,000 ಅಡಿಗೆ ಇಳಿಯಬೇಕು, ಅಲ್ಲಿ ನೆಲವೇ ಸರಾಸರಿ 14,000 ಅಡಿಗಿಂತ ಮೇಲಿದೆ. ಸುತ್ತು ಬಳಸಲೇಬೇಕು.

ಮಾವ ಸೋಲುವವರಲ್ಲ. "ಭೂಮಿ ತಿರುಗ್ತದಲ್ಲ? ವಿಮಾನ ಮೇಲೆ ಸುಮ್ನೆ ನಿಂತ್ರೆ ಅಮೆರಿಕವೇ ಕೆಳಗೆ ಬರೋದಿಲ್ವಾ?"

ಓದಿದವರ ಬಾಯಲ್ಲೂ ಇದನ್ನು ಕೇಳಿ ಕೇಳಿ ಸಾಕಾಗಿದೆ. ಮಡಿಕೇರಿ ಬಸ್ಸಿನೊಳಗೆ ಹಾರುವ ನೊಣ ಹಿಂದಿನ ಗಾಜಿಗೆ ಬಡಿಯುತ್ತದೆಯೇ? ಬಸ್ಸಿನ ಗಾಳಿಯೂ ಬಸ್ಸಿನ ಜೊತೆಗೇ ಓಡುತ್ತಿರುತ್ತದೆ. ಕಾವೇರಿಯಲ್ಲಿ ತೇಲುವ ಎಲೆಗೆ ಹೊಳೆಯ ಓಟ ಗೊತ್ತಾಗುತ್ತದೆಯೇ? ನಮ್ಮ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ, ಗಾಳಿಯನ್ನೂ ಕಟ್ಟಿಕೊಂಡು. ಗಾಳಿ ಹಿಂದೆ ಉಳಿದಿದ್ದರೆ ಕೊಡಗಿನಲ್ಲಿ ಒಂದು ಸಿಲ್ವರ್ ಮರವೂ ನಿಲ್ಲುತ್ತಿರಲಿಲ್ಲ.

ಪ್ರಯಾಣದ ಹೊತ್ತಿನ ಲೆಕ್ಕ ಏರುಪೇರಾಗುವುದು ಬೇರೆ ಗಾಳಿಯಿಂದ. ಹತ್ತು ಕಿಲೋಮೀಟರ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಹೊಳೆ ಹರಿಯುತ್ತದೆ. ಜಪಾನಿನ ಹವಾಮಾನ ತಜ್ಞ ವಾಸಾಬುರೊ ಓಯಿಶಿ ಬಲೂನು ಬಿಟ್ಟು ಇದನ್ನು ಅಳೆದರು. ಜಗತ್ತೆಲ್ಲ ಓದಲೆಂದು 1926ರಲ್ಲಿ, ಎಲ್ಲ ದೇಶದವರಿಗೂ ಆಗಲೆಂದು ಹೊಸದಾಗಿ ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ವರದಿ ಬರೆದರು, ಪಾಪ, ಆ ಭಾಷೆ ಬಲ್ಲವರೆಷ್ಟು ಜನ? 1944ರಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಬಂದ ಅಮೆರಿಕದ ವಿಮಾನಗಳು ಅದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು. 2020ರ ಫೆಬ್ರವರಿಯಲ್ಲಿ ಒಂದು ವಿಮಾನ ಅದರ ಬೆನ್ನೇರಿ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ಎದುರು ಗಾಳಿಯಲ್ಲಿ ವಾಪಸು ಹೋಗಲು ಏಳು ಗಂಟೆಯಾದರೂ ಬೇಕು.

"ಹಾಗಾದ್ರೆ ಹುಡುಗ ಬರುವಾಗ ತಡ," ಎಂದರು ಮಾವ. ದಾರ ಬಿಚ್ಚಿ, ಸ್ಯಾನ್ ಫ್ರಾನ್ಸಿಸ್ಕೋ ಕಡೆಯಿಂದ ಸಿಪ್ಪೆ ಸುಲಿಯತೊಡಗಿದರು.