ಡಬ್ಬಿಯ ಆಕಾರ ಯಾರ ಹೆಸರಲ್ಲಿದೆ? ಡಿಸೈನ್ ರಿಜಿಸ್ಟರ್ ಹೇಗೆ ಕೆಲಸ ಮಾಡುತ್ತೆ

ವಡಾಳಾ, ಜಿಟಿಬಿ ನಗರ ಕಡೆ ಓಡಾಡೋ ಮುಂಬೈ ಕನ್ನಡಿಗರಿಗೆ ಆಂಟಾಪ್ ಹಿಲ್ ಗೊತ್ತೇ ಇರುತ್ತೆ. ಆದ್ರೆ ಅಲ್ಲಿ ಎಸ್.ಎಂ. ರೋಡಲ್ಲಿರೋ ಬೌದ್ಧಿಕ ಸಂಪದಾ ಭವನದ ಬಗ್ಗೆ ಕೇಳಿದ್ರೆ "ಹಾಂ, ಪೇಟೆಂಟ್ ಆಫೀಸ್ ಅಲ್ವಾ" ಅಂತ ಹೇಳಿ ಮುಂದೆ ಹೋಗ್ತಾರೆ. ಪೇಟೆಂಟ್ ಹೌದು, ಟ್ರೇಡ್‌ಮಾರ್ಕ್ ಕೂಡ ಹೌದು, ಇಡೀ ದೇಶಕ್ಕೆ ಇವೆರಡರ ಜೊತೆ ಡಿಸೈನನ್ನೂ ನೋಡ್ಕೊಳ್ಳೋ ಕಂಟ್ರೋಲರ್ ಜನರಲ್ ಅವರ ಹೆಡ್ ಆಫೀಸೂ ಅಲ್ಲೇ ಇರೋದು. ನಾನು ಇವತ್ತು ಬರೀತಿರೋದು ಆ ಡಿಸೈನ್ ಬಗ್ಗೆ. ಯಾಕಂದ್ರೆ ನಮ್ಮವರು ಎಷ್ಟೋ ಜನ ಭಾಯಂದರ್, ವಸಾಯಿ, ಭಿವಂಡಿ ಕಡೆ ಸಣ್ಣ ಸಣ್ಣ ಗಾಲಾ ಅಂದ್ರೆ ವರ್ಕ್‌ಶಾಪ್ ಇಟ್ಕೊಂಡು ಡಬ್ಬಿ, ಹಿಡಿ, ಕೊಕ್ಕೆ, ಸ್ಟೂಲು ಅಂತ ಏನೇನೋ ತಯಾರ್ ಮಾಡ್ತಾರೆ, ಅವರಿಗೆ ಪೇಟೆಂಟಿಗಿಂತ ಹತ್ತು ಪಟ್ಟು ಉಪಯೋಗಕ್ಕೆ ಬರೋದು ಇದೇ, ಆದ್ರೆ ಇದರ ಬಗ್ಗೆ ಗೊತ್ತಿರೋರು ತೀರಾ ಕಮ್ಮಿ.

ಡಿಸೈನ್ ಅಂದ್ರೆ ಏನು ಅಂತ ಮೊದ್ಲು ನೋಡೋಣ. ನಮ್ಮ ಡಿಸೈನ್ ಕಾಯ್ದೆ 2000ನೇ ಇಸವಿದು, ಜಾರಿಗೆ ಬಂದಿದ್ದು 2001ರ ಮೇ ತಿಂಗಳಲ್ಲಿ. ಅದರ ಪ್ರಕಾರ ಒಂದು ವಸ್ತುವಿನ ಆಕಾರ, ಅದರ ಮೇಲಿನ ಚಿತ್ತಾರ, ಗೆರೆ ಬಣ್ಣಗಳ ಜೋಡಣೆ ಇವೇ ಡಿಸೈನ್, ಮತ್ತೆ ಅದನ್ನ ಅಳೆಯೋದು ಬರೀ ಕಣ್ಣಿಂದ. ಡಬ್ಬಿ ಮುಚ್ಚಳ ಹೇಗೆ ಲಾಕ್ ಆಗುತ್ತೆ ಅನ್ನೋ ಮೆಕ್ಯಾನಿಸಂ ಇದರೊಳಗೆ ಬರಲ್ಲ, ಅದು ಹೊಸದಾಗಿದ್ರೆ ಪೇಟೆಂಟ್ ಕಡೆ ಹೋಗ್ಬೇಕು. ಮುಚ್ಚಳ ನೋಡೋಕೆ ಹೇಗಿದೆ ಅನ್ನೋದಷ್ಟೇ ಇಲ್ಲಿಯ ವಿಷಯ. ರಿಜಿಸ್ಟರ್ ಆದ್ರೆ 10 ವರ್ಷ ಹಕ್ಕು ಸಿಗುತ್ತೆ, ಆಮೇಲೆ ಫೀ ಕಟ್ಟಿದ್ರೆ ಇನ್ನೊಂದ್ 5 ವರ್ಷ, ಒಟ್ಟು 15, ಅದಕ್ಕಿಂತ ಜಾಸ್ತಿ ಒಂದು ದಿನವೂ ಇಲ್ಲ. ನಿಮ್ಮ ಮನೆಯ ಯಾವುದಾದ್ರೂ ನೀರಿನ ಬಾಟಲಿ, ಪ್ಲಾಸ್ಟಿಕ್ ಸ್ಟೂಲ್ ಬುಡ ತಿರುಗಿಸಿ ನೋಡಿ, ಕೆಲವದರ ಮೇಲೆ ಸಣ್ಣಕ್ಷರದಲ್ಲಿ ಆರ್‌ಡಿ ಅಥವಾ ರೆಜಿಸ್ಟರ್ಡ್ ಅಂತ ಬರೆದು ಪಕ್ಕದಲ್ಲಿ ಒಂದು ನಂಬರ್ ಇರುತ್ತೆ. ಆ ನಂಬರ್ ಹಿಡ್ಕೊಂಡು ಹೋದ್ರೆ ಆ ವಸ್ತುವಿನ ಜಾತಕವೇ ಸಿಗುತ್ತೆ.

ನಮ್ಮ ಪರಿಚಯದ ಕುಂದಾಪುರದ ಕಡೆಯವರೊಬ್ರು ಭಾಯಂದರಲ್ಲಿ ಸ್ಟೀಲ್ ಡಬ್ಬಾ ಮಾಡ್ತಾರೆ. ಅವರು ಒಂದು ಹೊಸ ಟಿಫಿನ್ ಮಾಡಿದ್ರು, ಎರಡು ಅಂತಸ್ತಿಂದು, ಬದಿಯಲ್ಲಿ ಸೊಂಟ ಸಣ್ಣ ಮಾಡಿದ ಹಾಗೆ ಒಳಕ್ಕೆ ಬಾಗಿದೆ, ಕ್ಲಿಪ್ ಆ ಬಾಗಿನಲ್ಲಿ ಸರಿಯಾಗಿ ಕೂರುತ್ತೆ, ಹೊರಗೆ ಏನೂ ಚಾಚಿಕೊಂಡಿಲ್ಲ, ಬ್ಯಾಗಿಗೆ ಹಾಕುವಾಗ ಎಲ್ಲೂ ತಾಗಲ್ಲ. ನಿಜಕ್ಕೂ ಚೆನ್ನಾಗಿತ್ತು. ಡೈ, ಅಂದ್ರೆ ತಗಡನ್ನ ಆ ಆಕಾರಕ್ಕೆ ಒತ್ತೋ ಅಚ್ಚು, ಅದನ್ನ ಮಾಡಿಸೋಕೇ ಒಳ್ಳೆ ಖರ್ಚು ಬಂದಿತ್ತು. ಸ್ಯಾಂಪಲ್ ಪಾಲಿಶ್ ಆಗಿ ಬಂದ ದಿನವೇ ಫೋಟೋ ತೆಗೆದು ಭುಲೇಶ್ವರದ ಹೋಲ್‌ಸೇಲ್‌ನವರಿಗೆಲ್ಲ ವಾಟ್ಸಾಪ್ ಮಾಡಿದ್ರು, ಸ್ಟೇಟಸ್ಸಿಗೂ ಹಾಕಿದ್ರು, ಆರ್ಡರ್ ಬಂತು, ಮಾಲೂ ಹೋಯ್ತು, ಎಲ್ಲಾ ಆದ್ಮೇಲೆ ಯಾರೋ ಹೇಳಿದ್ರು ಅಂತ ರಿಜಿಸ್ಟರ್ ಮಾಡಿಸೋಕೆ ಹೊರಟ್ರು. ಅರ್ಜಿ ಹಾಕಿಕೊಡೋ ಏಜೆಂಟ್, ಇವರು ಫೋಟೋ ಕಳಿಸಿದ ತಾರೀಖು ಕೇಳಿ, ಆಗಲ್ಲ ಅಂದ್ರು. ಇವರಿಗೆ ಸಿಟ್ಟು ಬಂತು, "ಎಂತ ಮಾರಾಯ್ರೆ, ಡಬ್ಬಾ ನಮ್ದೇ, ನಾವೇ ತೋರ್ಸಿದ್ದು, ಅದೂ ತಪ್ಪಾ?"

ಕಾನೂನಿನ ಲೆಕ್ಕದಲ್ಲಿ ಅದು ದೊಡ್ಡ ಅಡ್ಡಿ. ಅರ್ಜಿ ಹಾಕೋ ದಿನಕ್ಕೆ ಮುಂಚೆ ಆ ಡಿಸೈನ್ ಭಾರತದಲ್ಲಾಗ್ಲಿ ಬೇರೆ ದೇಶದಲ್ಲಾಗ್ಲಿ ಜನರ ಕಣ್ಣಿಗೆ ಬಿದ್ದಿರಬಾರದು, ಪ್ರಿಂಟ್ ಆಗಿರಬಾರದು, ಬಳಕೆಗೆ ಬಂದಿರಬಾರದು, ತೋರಿಸಿದವನು ಮಾಲೀಕನೇ ಆದ್ರೂ ಅಷ್ಟೇ. ಗುಟ್ಟಾಗಿಡಿ ಅಂತ ನಂಬಿಕೆ ಮೇಲೆ ಒಬ್ರಿಗೆ ತೋರಿಸಿದ್ರೆ ಕಾಯ್ದೆ ಬಿಡುತ್ತೆ, ಸರ್ಕಾರ ಗುರುತಿಸಿದ ಪ್ರದರ್ಶನದಲ್ಲಿ ಮೊದಲೇ ನೋಟಿಸ್ ಕೊಟ್ಟು ಇಟ್ಟಿದ್ರೆ 6 ತಿಂಗಳ ಟೈಮ್ ಕೊಡುತ್ತೆ, ಆದ್ರೆ ಮಾರೋಕೆ ಅಂತ ಊರಿಗೆಲ್ಲ ಫೋಟೋ ಕಳಿಸಿದ್ರೆ ಬಿಡಲ್ಲ. ಇದು ಕ್ರೂರ ಅನ್ನಿಸುತ್ತೆ, ನಂಗೂ ಸಣ್ಣ ತಯಾರಕರ ಮಟ್ಟಿಗೆ ಸ್ವಲ್ಪ ರಿಯಾಯಿತಿ ಬೇಕು ಅನ್ನಿಸುತ್ತೆ, ಆದ್ರೆ ಯಾಕೆ ಹೀಗೆ ಅನ್ನೋದಕ್ಕೆ ಕಾರಣ ಇದೆ. ಆಫೀಸು ಒಬ್ಬನಿಗೆ ಒಂದು ಆಕಾರದ ಹಕ್ಕು ಕೊಡುತ್ತೆ ಅಂದ್ರೆ ಬಾಕಿ ಎಲ್ರಿಂದ ಆ ಆಕಾರ ಕಿತ್ಕೊಳ್ಳುತ್ತೆ ಅಂತಾನೇ ಅರ್ಥ. ಆಗ್ಲೇ ಜನರ ಕೈಯಲ್ಲಿರೋದನ್ನ ಕಿತ್ಕೊಳ್ಳೋ ಹಾಗಿಲ್ಲ. ಅದಕ್ಕೆ ಆಫೀಸಿನ ಮುಖ್ಯ ಕೆಲಸ ಸರ್ಟಿಫಿಕೇಟ್ ಕೊಡೋದಕ್ಕಿಂತ ಮುಂಚಿಂದು: ಇಲ್ಲಿವರೆಗೆ ಲೋಕದಲ್ಲಿ ಏನೇನು ಇದೆ ಅನ್ನೋದನ್ನ ನೆನಪಿಡೋದು, ಕೇಳಿದಾಗ ಹುಡುಕಿ ತೆಗೆಯೋದು. ಕಷ್ಟ ಇರೋದು ಅಲ್ಲೇ, ಯಾಕಂದ್ರೆ ಇಲ್ಲಿ ನೆನಪಿಡಬೇಕಾಗಿರೋದು ಚಿತ್ರಗಳನ್ನ.

ಅರ್ಜಿ ಮುಂಬೈ, ದೆಹಲಿ, ಚೆನ್ನೈ, ಕೋಲ್ಕತಾ ಎಲ್ಲಿ ಬೇಕಾದ್ರೂ ಕೊಡಬಹುದು, ಆನ್‌ಲೈನಲ್ಲೂ ಆಗುತ್ತೆ, ಆದ್ರೆ ಪರೀಕ್ಷೆ ಮಾಡೋ ಡಿಸೈನ್ ವಿಭಾಗ ಇರೋದು ಕೋಲ್ಕತಾದಲ್ಲಿ. ಅರ್ಜಿ ಜೊತೆ ವಸ್ತುವಿನ ಚಿತ್ರ ಹಲವು ಕಡೆಯಿಂದ ಬೇಕು, ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ, ಆಮೇಲೆ ಓರೆಯಿಂದ ನೋಡಿದ್ದೊಂದು, ಹೀಗೆ ಏಳು ನೋಟ ಕೊಡೋದು ರೂಢಿ. ಇವು ಒಂದಕ್ಕೊಂದು ತಾಳೆ ಆಗ್ಬೇಕು. ಎದುರಿನ ಚಿತ್ರದಲ್ಲಿ ಕ್ಲಿಪ್ಪಿನ ಗೆರೆ ಇದ್ದು ಬದಿಯ ಚಿತ್ರದಲ್ಲಿ ಇಲ್ಲ ಅಂದ್ರೆ ಎಕ್ಸಾಮಿನರ್ ಆಕ್ಷೇಪ ಎತ್ತುತ್ತಾರೆ, ಮತ್ತೆ ಎತ್ತಲೇಬೇಕು, ಯಾಕಂದ್ರೆ ನಾಳೆ ಕೋರ್ಟಲ್ಲಿ ಜಗಳ ಬಂದಾಗ ಹಕ್ಕು ಅಂದ್ರೆ ಈ ಚಿತ್ರಗಳೇ. ಚಿತ್ರದ ಕೆಳಗೆ ಹೊಸತನ ಎಲ್ಲಿದೆ ಅಂತ ಒಂದು ಸಾಲು ಬರೀಬೇಕು, ಉದಾಹರಣೆಗೆ "ಹೊಸತನ ಇರುವುದು ಡಬ್ಬಿಯ ಆಕಾರ ಮತ್ತು ರಚನೆಯಲ್ಲಿ, ಚಿತ್ರದಲ್ಲಿ ತೋರಿಸಿದಂತೆ" ಅನ್ನೋ ರೀತಿ. ಇಡೀ ಡಬ್ಬಿ ಅಂತ ಬರೆದ್ರಾ, ಬರೀ ಕ್ಲಿಪ್ಪಿನ ಭಾಗ ಅಂತ ಬರೆದ್ರಾ ಅನ್ನೋದರ ಮೇಲೆ ಮುಂದಿನ 15 ವರ್ಷ ನಿಂತಿರುತ್ತೆ, ಆದ್ರೂ ಅರ್ಜಿ ಹಾಕೋರು ಆ ಸಾಲಿಗೆ ಎರಡು ನಿಮಿಷನೂ ಕೊಡಲ್ಲ ಅನ್ನೋದು ನಂಗೆ ಬೇಜಾರಿನ ವಿಷಯ. ಆಕ್ಷೇಪ ಎಲ್ಲಾ ಸರಿಮಾಡೋಕೆ ಅರ್ಜಿ ತಾರೀಖಿಂದ 6 ತಿಂಗಳು, ಕೇಳ್ಕೊಂಡ್ರೆ ಇನ್ನು 3 ತಿಂಗಳು ಸಿಗುತ್ತೆ.

ಈಗ ವಿಂಗಡಣೆ ಬಗ್ಗೆ. 1911ರ ಹಳೇ ಕಾಯ್ದೆಯ ಕಾಲದಲ್ಲಿ ನಮ್ಮಲ್ಲಿ ಡಿಸೈನ್‌ಗಳನ್ನ ಹೆಚ್ಚಾಗಿ ವಸ್ತು ಯಾವುದರಿಂದ ಮಾಡಿದ್ದು ಅಂತ ನೋಡಿ ಬೇರೆ ಮಾಡ್ತಿದ್ರು, ಲೋಹದ್ದು ಒಂದು ಕ್ಲಾಸ್, ಗಾಜು ಮಣ್ಣಿಂದು ಇನ್ನೊಂದು, ಹಾಗೆ. ಒಂದೇ ಆಕಾರದ ಬಕೆಟ್ ತಗಡಿಂದಾದ್ರೆ ಒಂದು ಕಡೆ, ಪ್ಲಾಸ್ಟಿಕ್ಕಿಂದಾದ್ರೆ ಇನ್ನೊಂದು ಕಡೆ. ಈಗ ಬಳಸೋದು ಲೊಕಾರ್ನೋ ವಿಂಗಡಣೆ, 1968ರ ಅಕ್ಟೋಬರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಊರಲ್ಲಿ ಆದ ಒಪ್ಪಂದದಿಂದ ಬಂದಿದ್ದು. ನಮ್ಮ ಆಫೀಸು ಅದರ ಮಾದರಿಯನ್ನ ಮೊದಲಿಂದಾನೇ ಬಳಸ್ತಿದ್ರೂ ಭಾರತ ಅಧಿಕೃತವಾಗಿ ಸೇರಿದ್ದು 2019ರಲ್ಲಿ. ಇದರಲ್ಲಿ 32 ಕ್ಲಾಸ್, ಅವುಗಳ ಒಳಗೆ ಇನ್ನೂರಕ್ಕೂ ಹೆಚ್ಚು ಉಪಕ್ಲಾಸ್. ಬಟ್ಟೆಬರೆ 2, ಪೀಠೋಪಕರಣ 6, ಮನೆಬಳಕೆ ಸಾಮಾನು 7, ಪ್ಯಾಕಿಂಗ್ ಮತ್ತು ಕಂಟೇನರ್ 9, ಒಡವೆ 11, ವಾಹನ 12, ಲೈಟು 26. ಇದರಿಂದ ಕೋಲ್ಕತಾದ ಎಕ್ಸಾಮಿನರ್ ಮತ್ತು ಟೋಕಿಯೋದ ಎಕ್ಸಾಮಿನರ್ ಒಂದೇ ಕಪಾಟಿನ ನಂಬರ್ ಹೇಳ್ಕೊಂಡು ಹುಡುಕಬಹುದು. ಇದರ ಜೊತೆಗೆ ಡಬ್ಲ್ಯೂಐಪಿಒ ಅಂದ್ರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಎಸ್‌ಟಿ 80 ಅಂತ ಒಂದು ಸ್ಟಾಂಡರ್ಡ್ ಮಾಡಿದೆ, ಅದರಲ್ಲಿ ಪ್ರತಿ ಮಾಹಿತಿಗೂ ಒಂದು ನಂಬರ್: 11 ಅಂದ್ರೆ ರಿಜಿಸ್ಟ್ರೇಷನ್ ನಂಬರು, 22 ಅರ್ಜಿ ಹಾಕಿದ ತಾರೀಖು, 51 ಲೊಕಾರ್ನೋ ಕ್ಲಾಸು, 54 ವಸ್ತುವಿನ ಹೆಸರು, 73 ಮಾಲೀಕ. ಆ ಕೋಡ್ ಹಾಕಿರೋ ಕಡೆ ಜಪಾನಿ ಭಾಷೆ ಒಂದಕ್ಷರ ಬರದಿದ್ರೂ ಯಾವ ಸಾಲು ಏನು ಅಂತ ಗೊತ್ತಾಗುತ್ತೆ. ಎಷ್ಟು ಸರಳ, ಎಷ್ಟು ಒಳ್ಳೆ ಯೋಚನೆ!

ಆದ್ರೆ ಲೊಕಾರ್ನೋಗೆ ಒಂದು ದೊಡ್ಡ ಮಿತಿ ಇದೆ. ಅದು ವಸ್ತು ಯಾವ ಕೆಲಸಕ್ಕೆ ಅಂತ ಹೇಳುತ್ತೆ, ಹೇಗಿದೆ ಅಂತ ಹೇಳಲ್ಲ. ಲೈಬ್ರರಿಯಲ್ಲಿ ಪುಸ್ತಕವನ್ನ ವಿಷಯದ ಪ್ರಕಾರ ಜೋಡಿಸಿಟ್ಟಿರ್ತಾರೆ, ನೀವು ಹೋಗಿ ನೀಲಿ ಮುಖಪುಟದ್ದು ಕೊಡಿ ಅಂದ್ರೆ ಲೈಬ್ರರಿಯನ್ ಏನು ಮಾಡೋಕಾಗುತ್ತೆ, ಹಾಗೆ. ಬಾತುಕೋಳಿ ಆಕಾರದ ಬಾಟಲಿ 9ರಲ್ಲಿರುತ್ತೆ, ಬಾತುಕೋಳಿ ಆಟಿಕೆ 21ರಲ್ಲಿ, ಬಾತುಕೋಳಿ ಲ್ಯಾಂಪ್ 26ರಲ್ಲಿ. ಟಿಫಿನ್ ಡಬ್ಬಿ ಹುಡುಕೋರು 7ನ್ನೂ ನೋಡ್ಬೇಕು, 9ನ್ನೂ ನೋಡ್ಬೇಕು. ಅದರ ಮೇಲೆ ಅರ್ಜಿ ಹಾಕಿದವರು ಲಂಚ್ ಬಾಕ್ಸ್ ಅಂತ ಬರೆದಿದ್ದಾರಾ ಕಂಟೇನರ್ ಅಂತ ಬರೆದಿದ್ದಾರಾ ಗೊತ್ತಿಲ್ಲದೆ ಹೆಸರು ಹಾಕಿ ಹುಡುಕಿದ್ರೆ ಅರ್ಧ ತಪ್ಪಿಹೋಗುತ್ತೆ.

ಹಾಗಾದ್ರೆ ಕಂಪ್ಯೂಟರ್‌ಗೆ ಫೋಟೋ ಕೊಟ್ಟು ಇಂಥದ್ದೇ ಹುಡುಕು ಅಂದ್ರೆ ಆಗಲ್ವಾ? ಆಗುತ್ತೆ, ಡಬ್ಲ್ಯೂಐಪಿಒ ತನ್ನ ಬ್ರಾಂಡ್ ಡೇಟಾಬೇಸಿಗೆ 2019ರಲ್ಲೇ ಎಐ ಇಮೇಜ್ ಸರ್ಚ್ ಹಾಕಿತು. ಚಿತ್ರವನ್ನ ನ್ಯೂರಲ್ ನೆಟ್‌ವರ್ಕ್ ಅನ್ನೋ ಉದಾಹರಣೆ ನೋಡಿ ಕಲಿಯೋ ಪ್ರೋಗ್ರಾಂ ಒಂದು ಉದ್ದನೆ ಅಂಕಿಗಳ ಸಾಲಾಗಿ ಬದಲಾಯಿಸುತ್ತೆ, ನೋಡೋಕೆ ಹತ್ತಿರ ಇರೋ ಚಿತ್ರಗಳ ಅಂಕಿಗಳೂ ಹತ್ತಿರ ಬರೋ ಹಾಗೆ ಅದಕ್ಕೆ ತರಬೇತಿ ಕೊಟ್ಟಿರ್ತಾರೆ, ಆಮೇಲೆ ಹುಡುಕೋದು ಅಂದ್ರೆ ಹತ್ತಿರದ ಅಂಕಿಗಳನ್ನ ಹುಡುಕೋದು ಅಷ್ಟೇ. ಲೋಗೋಗೆ ಇದು ಚೆನ್ನಾಗಿ ನಡೆಯುತ್ತೆ, ಲೋಗೋ ಚಪ್ಪಟೆ, ಎಲ್ಲಿಂದ ನೋಡಿದ್ರೂ ಒಂದೇ. ಡಬ್ಬಿ ಹಾಗಲ್ಲ. ಒಬ್ಬರು ಗೆರೆಚಿತ್ರ ಕೊಟ್ಟಿರ್ತಾರೆ, ಇನ್ನೊಬ್ರು ಫೋಟೋ, ಮತ್ತೊಬ್ರು ಕಂಪ್ಯೂಟರಲ್ಲಿ ಮಾಡಿದ ತ್ರೀಡಿ ಚಿತ್ರ. ಮೇಲಿಂದ ನೋಡಿದ್ರೆ ಲೋಕದ ಎಲ್ಲಾ ಉರುಟು ಡಬ್ಬಿನೂ ಒಂದು ವೃತ್ತ. ಸ್ಟೀಲಿನ ಹೊಳಪು ಬೇರೆ, ಪಾಲಿಶ್ ಮಾಡಿದ ಡಬ್ಬಿಯ ಫೋಟೋದಲ್ಲಿ ಎದುರಿನ ಟ್ಯೂಬ್‌ಲೈಟಿನ ಬಿಂಬ ಇರುತ್ತೆ, ಅದನ್ನೂ ಮೆಷಿನ್ ಡಿಸೈನ್ ಅಂದ್ಕೊಳ್ಳಬಹುದು. ಚಿತ್ರ ಯಾವ ಫಾರ್ಮ್ಯಾಟಲ್ಲಿ, ಹೇಗಿರಬೇಕು ಅಂತ ಎಸ್‌ಟಿ 88 ಅನ್ನೋ ಸ್ಟಾಂಡರ್ಡ್ ಬಂದಿರೋದು ಸುಮ್ನೆ ಅಲ್ಲ, ಒಳಗೆ ಹೋಗೋ ಚಿತ್ರ ಚೊಕ್ಕ ಇಲ್ಲದಿದ್ರೆ ಹೊರಗೆ ಬರೋ ಹುಡುಕಾಟವೂ ಚೊಕ್ಕ ಇರಲ್ಲ.

ದಾಖಲೆಯ ಗುಣಮಟ್ಟ ಎಷ್ಟು ಮುಖ್ಯ ಅನ್ನೋದಕ್ಕೆ ಭಾರತ್ ಗ್ಲಾಸ್ ಟ್ಯೂಬ್ ಮತ್ತು ಗೋಪಾಲ್ ಗ್ಲಾಸ್ ವರ್ಕ್ಸ್ ನಡುವಿನ ಕೇಸ್ ಓದ್ಲೇಬೇಕು, ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದು 2008ರಲ್ಲಿ. ಗೋಪಾಲ್ ಗ್ಲಾಸ್‌ನವರು ಗಾಜಿನ ಶೀಟ್ ಮೇಲಿನ ಒಂದು ಚಿತ್ತಾರ ರಿಜಿಸ್ಟರ್ ಮಾಡಿಸಿದ್ರು. ಎದುರಾಳಿಗಳು ಇದು ಹಳೇದು, ಈ ಚಿತ್ತಾರ ಮೂಡಿಸೋ ರೋಲರ್ ಜರ್ಮನಿಯ ಕಂಪನಿಯದ್ದು, ಜೊತೆಗೆ ಬ್ರಿಟನ್ ಪೇಟೆಂಟ್ ಆಫೀಸಿನ ವೆಬ್‌ಸೈಟಿಂದ ಡೌನ್‌ಲೋಡ್ ಮಾಡಿದ ದಾಖಲೆ ಇದೆ ಅಂತ ಬಂದ್ರು. ಕೋಲ್ಕತಾದಲ್ಲಿ ರಿಜಿಸ್ಟ್ರೇಷನ್ ರದ್ದಾಯ್ತು, ಹೈಕೋರ್ಟ್ ಅದನ್ನ ತಿರುಗಿಸಿತು, ಸುಪ್ರೀಂ ಕೋರ್ಟೂ ರಿಜಿಸ್ಟ್ರೇಷನ್ ಉಳಿಸಿತು. ರೋಲರ್ ಮೇಲೆ ಚಿತ್ತಾರ ಇದ್ರೆ ಸಾಲದು, ಅದು ಮುಂಚೆ ಗಾಜಿನ ಮೇಲೆ ಬಂದಿತ್ತು ಅಂತ ತೋರಿಸ್ಬೇಕು, ಡೌನ್‌ಲೋಡ್ ಮಾಡಿದ ಚಿತ್ರದಲ್ಲಿ ಗಾಜಿನ ಮೇಲಿನ ನೋಟ ಸ್ಪಷ್ಟ ಇಲ್ಲ ಅನ್ನೋದು ಅದರ ಸಾರ. ಒಂದು ದೇಶದ ಆಫೀಸು ಇಟ್ಟ ಮಸುಕು ಚಿತ್ರ ಇನ್ನೊಂದು ದೇಶದ ಕೋರ್ಟಲ್ಲಿ ನಿಲ್ಲಲಿಲ್ಲ.

ಇನ್ನೊಂದು ವಿಷಯ ಗಮನಿಸಿ. ಟ್ರೇಡ್‌ಮಾರ್ಕಲ್ಲಿ ರಿಜಿಸ್ಟರ್ ಆಗೋ ಮುಂಚೆ ಪ್ರಕಟ ಮಾಡಿ ಯಾರಿಗಾದ್ರೂ ವಿರೋಧ ಇದ್ಯಾ ಅಂತ ಕೇಳ್ತಾರೆ. ಡಿಸೈನಲ್ಲಿ ಆ ಹಂತ ಇಲ್ಲ. ರಿಜಿಸ್ಟರ್ ಆಗೋತನಕ ಅರ್ಜಿ ಗುಟ್ಟು, ಆಮೇಲೆ ಶುಕ್ರವಾರ ಶುಕ್ರವಾರ ಬರೋ ಪೇಟೆಂಟ್ ಆಫೀಸ್ ಜರ್ನಲ್ಲಿನಲ್ಲಿ ಚಿತ್ರ ಸಮೇತ ಪ್ರಕಟ ಆಗುತ್ತೆ. ಯಾರಿಗಾದ್ರೂ ಇದು ಹೊಸದಲ್ಲ ಅನ್ನಿಸಿದ್ರೆ ರದ್ದು ಮಾಡಿ ಅಂತ ಆಮೇಲೆ ಅರ್ಜಿ ಹಾಕ್ಬೇಕು. ಅಂದ್ರೆ ಜನ ಜರ್ನಲ್ ನೋಡಿದ್ರೆ ಮಾತ್ರ ವ್ಯವಸ್ಥೆ ಸರಿ ಇರುತ್ತೆ. ಜರ್ನಲ್ ಪಿಡಿಎಫ್ ಯಾರು ಬೇಕಾದ್ರೂ ಪುಕ್ಕಟೆ ಇಳಿಸ್ಕೊಬಹುದು, ಡಿಸೈನ್ ಪುಟಗಳು ಕೊನೇ ಕಡೆ ಇರ್ತವೆ. ಆಫೀಸಿನ ಸೈಟಲ್ಲಿ ಡಿಸೈನ್ ಸರ್ಚ್ ಕೂಡ ಇದೆ. ಅದೂ ಬೇಡ ಅಂದ್ರೆ ಫೀ ಕಟ್ಟಿ ಆಫೀಸಿಗೇ ಕೇಳಬಹುದು, ನಂಬರ್ ಗೊತ್ತಿದ್ರೆ ಒಂದು ಫಾರ್ಮು, ಗೊತ್ತಿಲ್ಲದಿದ್ರೆ ಚಿತ್ರ ಕೊಟ್ಟು ಇಂಥದ್ದು ರಿಜಿಸ್ಟರ್ ಆಗಿದ್ಯಾ ಅಂತ ಕೇಳೋಕೆ ಇನ್ನೊಂದು ಫಾರ್ಮು. ಈ ಎರಡನೇ ಫಾರ್ಮ್ ಬಗ್ಗೆ ಡೈ ಮಾಡಿಸೋ ಪ್ರತಿಯೊಬ್ರಿಗೂ ಗೊತ್ತಿರಬೇಕು ಅಂತ ನನ್ನ ಆಸೆ, ಡೈಗೆ ಹಾಕೋ ದುಡ್ಡಿನ ಮುಂದೆ ಅದರ ಫೀ ಏನೂ ಅಲ್ಲ. ಅರ್ಜಿ ಫೀ ಕೂಡ ಒಬ್ಬ ವ್ಯಕ್ತಿಗೆ, ಸ್ಟಾರ್ಟಪ್ಪಿಗೆ, ಸಣ್ಣ ಉದ್ದಿಮೆಗೆ 1000 ರೂಪಾಯಿ.

ರಿಜಿಸ್ಟರ್ ಮಾಡಿಸದೆ ಕಾಪಿರೈಟ್ ಇದೆ ಅಂತ ಕೂತ್ಕೊಳ್ಳೋಕೂ ಆಗಲ್ಲ. ಡಿಸೈನ್ ಆಗಿ ರಿಜಿಸ್ಟರ್ ಮಾಡಿಸಬಹುದಾಗಿದ್ದನ್ನ ಮಾಡಿಸದೆ ಮಷಿನಲ್ಲಿ 50ಕ್ಕಿಂತ ಹೆಚ್ಚು ಸಲ ತೆಗೆದ್ರೆ ಅದರ ಕಾಪಿರೈಟೂ ಹೋಗುತ್ತೆ. ಪ್ರೆಸ್ಸಿನ ಮೇಲೆ ಡಬ್ಬಿ ಹೊಡೆಯೋರಿಗೆ 50 ಅಂದ್ರೆ ಎಷ್ಟು ಹೊತ್ತಿನ ಕೆಲಸ ಹೇಳಿ.

ರಿಜಿಸ್ಟರನ್ನ ಬರೀ ಹೆದರಿಕೆಯಿಂದ ನೋಡ್ಬೇಕಾಗಿಲ್ಲ. ಅದರಲ್ಲಿ ಅವಧಿ ಮುಗಿದಿರೋ ಡಿಸೈನ್‌ಗಳು ರಾಶಿ ಇವೆ, ಏಳು ಕಡೆಯಿಂದ ಬಿಡಿಸಿಟ್ಟ ಚಿತ್ರಗಳು, ಒಬ್ಬರಲ್ಲ ಒಬ್ಬರು ದುಡ್ಡು ಹಾಕಿ ಯೋಚಿಸಿ ಮಾಡಿದ್ದು, ಆ ರಿಜಿಸ್ಟ್ರೇಷನ್ ಈಗ ಯಾರಿಗೂ ಅಡ್ಡಿ ಅಲ್ಲ. ನೋಡೋ ಕ್ರಮ ಹೀಗೆ: ರಿಜಿಸ್ಟ್ರೇಷನ್ ತಾರೀಖಿಗೆ 10 ಸೇರಿಸಿ, ಮುಂದುವರಿಸೋ ಫೀ ಕಟ್ಟಿದ್ದಾರಾ ನೋಡಿ, ಕಟ್ಟಿದ್ರೆ 15ರ ತನಕ ಕಾಯಿರಿ. ಕಟ್ಟಿಲ್ಲ ಅಂದ ತಕ್ಷಣ ಡೈ ಮಾಡಿಸೋಕೆ ಓಡಬೇಡಿ, ಮಾಲೀಕರು ಒಂದು ವರ್ಷದೊಳಗೆ ಕಾರಣ ಹೇಳಿ ಹಕ್ಕು ವಾಪಸ್ ಕೇಳೋ ಅವಕಾಶ ಇದೆ. ಆ ವರ್ಷ ಕಳೀಲಿ, ಅದರ ಮೇಲೆ ಬೇರೆಯವರ ಟ್ರೇಡ್‌ಮಾರ್ಕ್ ಅಥವಾ ಪೇಟೆಂಟ್ ಇಲ್ಲ ಅಂತ ಇನ್ನೊಂದ್ಸಲ ನೋಡ್ಕೊಳ್ಳಿ, ಆಮೇಲೆ ಡೈ ಆರ್ಡರ್ ಕೊಡಿ.