ಬರ್ನರ್ ಸ್ಟ್ರೀಟಿನ ಒಂದೇ ಗಾಯ

1888ರ ಸೆಪ್ಟೆಂಬರ್ 30ರ ರಾತ್ರಿ 1 ಗಂಟೆ. ಪೂರ್ವ ಲಂಡನ್ನಿನ ಬರ್ನರ್ ಸ್ಟ್ರೀಟಿನ ಒಂದು ಕತ್ತಲೆ ಅಂಗಳಕ್ಕೆ ತಿರುಗಿದ ಗಾಡಿಯ ಕುದುರೆ ಬೆದರಿ ಎಡಕ್ಕೆ ಸರಿಯಿತು. ಗಾಡಿಯವನು ಚಾಟಿಯ ಹಿಡಿಯಿಂದ ನೆಲ ತಡಕಿ, ಇಳಿದು ಕಡ್ಡಿ ಗೀರಿದ. ಗೋಡೆಯ ಬದಿಗೆ ಎಲಿಜಬೆತ್ ಸ್ಟ್ರೈಡ್ ಬಿದ್ದಿದ್ದಳು. ಮುಕ್ಕಾಲು ಗಂಟೆಯೊಳಗೆ, ಸುಮಾರು ಒಂದು ಕಿಲೋಮೀಟರ್ ದೂರದ ಮೈಟರ್ ಸ್ಕ್ವೇರ್‌ನಲ್ಲಿ ಕ್ಯಾಥರೀನ್ ಎಡೋಸ್‌ಳ ಶವ ಸಿಕ್ಕಿತು. ಎರಡನ್ನೂ ಆ ವರ್ಷ ಪೂರ್ವ ಲಂಡನ್ನಿನಲ್ಲಿ ಹೆಂಗಸರನ್ನು ಸರಣಿಯಾಗಿ ಕೊಂದ, ಯಾರೆಂದು ಇಂದಿಗೂ ಗೊತ್ತಾಗದ ಜ್ಯಾಕ್ ದಿ ರಿಪ್ಪರ್‌ನ ಲೆಕ್ಕಕ್ಕೆ ಬರೆಯುವುದು ರೂಢಿ. ಪೊಲೀಸ್ ಅಧಿಕಾರಿ ಮೆಲ್ವಿಲ್ ಮ್ಯಾಕ್‌ನಾಟನ್ 1894ರಲ್ಲಿ ಬರೆದ ಟಿಪ್ಪಣಿಯಲ್ಲಿ ರಿಪ್ಪರ್‌ಗೆ ಬಲಿಯಾದವರೆಂದು ಕೊಟ್ಟ ಐದು ಹೆಸರುಗಳಲ್ಲಿ ಸ್ಟ್ರೈಡ್‌ಳದೂ ಇದೆ. ಆದರೂ ಇವಳನ್ನು ಕೊಂದವನು ಬೇರೆಯವನಿರಬೇಕು, ಬಹುಶಃ ರಿಪ್ಪರ್‌ನನ್ನು ನಕಲು ಮಾಡಿದವನು ಎಂಬ ವಾದ ಇನ್ನೂ ಸತ್ತಿಲ್ಲ.

ಮೊದಲು ಗಾಯ ನೋಡೋಣ. ಉದ್ದ ಆರು ಇಂಚು. ಎಡದವಡೆಯ ಮೂಲೆಯಿಂದ ಎರಡೂವರೆ ಇಂಚು ಕೆಳಗೆ ಶುರುವಾಗಿ, ಎಡಗಡೆಯ ರಕ್ತನಾಳಗಳನ್ನು ಬಹುಪಾಲು ಕತ್ತರಿಸಿ, ಶ್ವಾಸನಾಳವನ್ನು ತುಂಡು ಮಾಡಿ, ಬಲಗಡೆಯ ರಕ್ತನಾಳ ಮುಟ್ಟದೆ ನಿಂತಿತ್ತು. ಅದೇ ಐವರ ಪಟ್ಟಿಯ ನಿಕೋಲ್ಸ್, ಚಾಪ್‌ಮನ್, ಎಡೋಸ್ ಮೂವರಲ್ಲೂ ಚೂರಿ ಕತ್ತಿನ ಮೂಳೆಯವರೆಗೆ ಇಳಿದಿತ್ತು, ಹೊಟ್ಟೆಯನ್ನೂ ಸೀಳಿದ್ದರು. ಸ್ಟ್ರೈಡ್‌ಳ ಹೊಟ್ಟೆಗೆ ಗೀರೂ ಬಿದ್ದಿರಲಿಲ್ಲ. ಎಡಗೈಯಲ್ಲಿ ಬಾಯಿ ಘಮಘಮಿಸಲು ತಿನ್ನುವ ಗುಳಿಗೆಗಳ ಪೊಟ್ಟಣ ಹಾಗೇ ಇತ್ತು.

‘ಕುದುರೆಗಾಡಿ ಬಂದದ್ದರಿಂದ ಕೊಲೆಗಾರ ಅರ್ಧಕ್ಕೇ ಬಿಟ್ಟು ಓಡಿದ’ ಎನ್ನುವುದು ಹಳೆಯ ಸಮಾಧಾನ. ಹಾಗಿದ್ದರೆ ಚೂರಿ ಬಿದ್ದದ್ದು 1 ಗಂಟೆಗೆ ತೀರಾ ಹತ್ತಿರದಲ್ಲಿ ಆಗಿರಬೇಕು. 1:16ಕ್ಕೆ ಬಂದ ಡಾಕ್ಟರ್ ಬ್ಲ್ಯಾಕ್‌ವೆಲ್ ಮೈ ಮುಟ್ಟಿ ನೋಡಿದರು: ಕತ್ತು, ಎದೆ ಬೆಚ್ಚಗೆ; ಕೈ ತಣ್ಣಗೆ. ಸತ್ತು 20ರಿಂದ 30 ನಿಮಿಷ ಆಗಿದೆ ಎಂದರು, ಅಂದರೆ 12:46ರಿಂದ 12:56. ಗಾಡಿಗೂ ಸಾವಿಗೂ ಕನಿಷ್ಠ ನಾಲ್ಕು ನಿಮಿಷದ ಅಂತರ. ಈ ನಾಲ್ಕು ನಿಮಿಷ ಹಿಡಿದುಕೊಂಡು ಅಡ್ಡಿಯ ಕಥೆಯನ್ನು ತಳ್ಳಿಹಾಕುವವರಿದ್ದಾರೆ. ಅದು ಗಟ್ಟಿ ನೆಲವಲ್ಲ. ಇಂದು ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು, ದೇಹದ ತೂಕ, ಸುತ್ತಲಿನ ಉಷ್ಣಾಂಶ ಎಲ್ಲ ಸೇರಿಸಿ ಲೆಕ್ಕ ಹಾಕುವ ಹೆನ್ಸ್‌ಗೆ ವಿಧಾನದಲ್ಲೂ, ಪರಿಸ್ಥಿತಿ ಚೆನ್ನಾಗಿದ್ದಾಗಲೇ, ಹಿಂದೆಮುಂದೆ 2.8 ಗಂಟೆಯ ವ್ಯತ್ಯಾಸ ಬಿಟ್ಟುಕೊಳ್ಳಬೇಕು. ಬರಿಗೈಯಲ್ಲಿ ಮುಟ್ಟಿ ಹೇಳಿದ ನಾಲ್ಕು ನಿಮಿಷಕ್ಕೆ ಯಾವ ತೂಕ?

ಇನ್ನು ನಕಲು. ಇಲ್ಲಿ ಜನ ಎರಡು ಬೇರೆ ಮಾತುಗಳನ್ನು ಒಂದೇ ಮಾಡಿಬಿಡುತ್ತಾರೆ. ಬೇರೆಯವನು ಕೊಂದ ಎನ್ನುವುದು ಒಂದು; ಬೇರೆಯವನು ರಿಪ್ಪರ್‌ನಂತೆ ಕಾಣಲೆಂದು ಕೊಂದ ಎನ್ನುವುದು ಇನ್ನೊಂದು. ನಕಲು ಮಾಡುವವನು ಊರೆಲ್ಲ ಮಾತಾಡುವ ಗುರುತನ್ನೇ ನಕಲು ಮಾಡುತ್ತಾನೆ. ಆ ಸೆಪ್ಟೆಂಬರ್ ಪೂರ್ತಿ ಪತ್ರಿಕೆಗಳು ನಿಕೋಲ್ಸ್ ಮತ್ತು ಚಾಪ್‌ಮನ್‌ರ ಮರಣ ವಿಚಾರಣೆಯನ್ನು ಅಚ್ಚುಹಾಕಿದ್ದವು. ಹೊಟ್ಟೆ ಸೀಳಿದ ಸಂಗತಿ ಬೀದಿ ಬೀದಿಗೆ ಗೊತ್ತಿತ್ತು. ಸ್ಟ್ರೈಡ್‌ಳಲ್ಲಿ ಇಲ್ಲದ್ದೇ ಅದು. ಹಾಗಾಗಿ ಹೊಟ್ಟೆ ಸೀಳಿಲ್ಲ ಎಂಬುದು ನಕಲಿನ ವಾದಕ್ಕೆ ಬೆಂಬಲವಲ್ಲ, ಏಟು. ನಕಲುಗಾರನಿಗೂ ಗಾಡಿಯೇ ಅಡ್ಡ ಬಂತು ಎನ್ನಬಹುದು. ಆದರೆ ಆಗ ಅವನಿಗೂ ಅಸಲಿ ರಿಪ್ಪರ್‌ಗೂ ವ್ಯತ್ಯಾಸ ಹೇಳಲು ಏನೂ ಉಳಿಯುವುದಿಲ್ಲ. ಅಂದಹಾಗೆ, ‘ಜ್ಯಾಕ್ ದಿ ರಿಪ್ಪರ್’ ಎಂಬ ಹೆಸರು ಪತ್ರಿಕೆಗೆ ಬಂದದ್ದೇ ಮಾರನೆಯ ದಿನ, ಅಕ್ಟೋಬರ್ 1ರಂದು.

ಉಳಿಯುವುದು ಕಾಕತಾಳೀಯ. ಒಂದೇ ರಾತ್ರಿ, ಅಷ್ಟು ಹತ್ತಿರ, ಇಬ್ಬರು ಹೆಂಗಸರ ಕತ್ತು ಕೊಯ್ಯುವವರು ಇಬ್ಬರಿರಲು ಸಾಧ್ಯವೇ ಎಂದು ಕೇಳುತ್ತಾರೆ. ಅದೇ ರಾತ್ರಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಒಬ್ಬ ಗಂಡ ಹೆಂಡತಿಯ ಕತ್ತು ಕೊಯ್ದು ತಾನೇ ಪೊಲೀಸರಿಗೆ ಶರಣಾಗಿದ್ದ. 2005ರಲ್ಲಿ ಅಮೆರಿಕದ ಅಪರಾಧ ತನಿಖಾ ತಜ್ಞ ರಾಬರ್ಟ್ ಕೆಪ್ಪಲ್ ಮತ್ತು ಸಂಗಡಿಗರು ಕೃತ್ಯದ ರೀತಿ ಮತ್ತು ಕೊಲೆಗಾರನ ‘ಸಿಗ್ನೇಚರ್’ ಹೋಲಿಸಿ ಸ್ಟ್ರೈಡ್‌ಳನ್ನು ಸರಣಿಯಲ್ಲೇ ಇಟ್ಟರು. ಸಿಗ್ನೇಚರ್ ಎಂದರೆ ಕೊಲ್ಲಲು ಬೇಕಿಲ್ಲದಿದ್ದರೂ ಕೊಲೆಗಾರ ಬಿಡದೆ ಮಾಡುವ ಕೆಲಸ. ಒಂದೇ ಗಾಯವಿರುವ ಶವದಲ್ಲಿ ಅದನ್ನು ಓದುವುದು ಒಂದಕ್ಷರ ನೋಡಿ ಕೈಬರಹ ಗುರುತಿಸಿದ ಹಾಗೆ.

ಹೋಲಿಕೆಯನ್ನು ನೆಚ್ಚಿ ಕೆಟ್ಟ ಉದಾಹರಣೆ, 1970ರ ದಶಕದಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಹೆಂಗಸರನ್ನು ಸರಣಿಯಾಗಿ ಕೊಂದ ಯಾರ್ಕ್‌ಶೈರ್ ರಿಪ್ಪರ್ ತನಿಖೆಯದು. 1975ರಲ್ಲಿ ಪ್ರೆಸ್ಟನ್‌ನಲ್ಲಿ ಕೊಲೆಯಾದ ಮಹಿಳೆಯ ಮೇಲೆ ಸಿಕ್ಕ ವೀರ್ಯ ಬಿ ಗುಂಪಿನ ‘ಸೆಕ್ರೆಟರ್’ನದು, ಅಂದರೆ ರಕ್ತದ ಗುಂಪು ಉಳಿದ ದೇಹದ್ರವಗಳಲ್ಲೂ ಕಾಣಿಸಿಕೊಳ್ಳುವವನದು. ತಾನೇ ರಿಪ್ಪರ್ ಎಂದು ಬಂದ ಪತ್ರದಲ್ಲಿ ಪ್ರೆಸ್ಟನ್ ಹೆಸರಿತ್ತು. ಲಕೋಟೆಯ ಅಂಟಿನ ಮೇಲಿನ ಎಂಜಲೂ ಬಿ ಸೆಕ್ರೆಟರ್‌ನದೇ. ಎರಡೂ ತಾಳೆಯಾದವು, ಎರಡೂ ದಾರಿ ತಪ್ಪಿಸಿದವು. ನಿಜವಾದ ಕೊಲೆಗಾರ ಪೀಟರ್ ಸಟ್‌ಕ್ಲಿಫ್ ಬಿ ಗುಂಪಿನವನೇ, ಆದರೆ ಸೆಕ್ರೆಟರ್ ಅಲ್ಲ. ಡಿಎನ್‌ಎ ಬಂದ ಮೇಲೆ ಪತ್ರ ಬರೆದವನು 2006ರಲ್ಲಿ ಜೈಲಿಗೆ ಹೋದ. ಪ್ರೆಸ್ಟನ್ ಕೊಲೆಯ ಡಿಎನ್‌ಎ ಇವರಿಬ್ಬರದೂ ಅಲ್ಲ, 2008ರಲ್ಲಿ ಸತ್ತ ಮೂರನೆಯವನದು ಎಂದು ಪೊಲೀಸರು 2011ರಲ್ಲಿ ಪ್ರಕಟಿಸಿದರು.

ಬರ್ನರ್ ಸ್ಟ್ರೀಟಿನ ಅಂಗಳದ ರಕ್ತವನ್ನು ಅಂದು ಬೆಳಗಿನ 5:30ಕ್ಕೆ ಒಬ್ಬ ಕಾನ್‌ಸ್ಟೇಬಲ್ ತೊಳೆದು ಹಾಕಿದ.