ಲಸಿಕೆಯಲ್ಲಿ ಏನಿದೆ ಅಂತ ಕೇಳಿ, ಎಷ್ಟಿದೆ ಅಂತಲೂ ಕೇಳಿ

ಮಗುವಿಗೆ ಲಸಿಕೆ ಹಾಕಿಸಲು ಬಂದ ಅಪ್ಪ ಅಮ್ಮ ಫೋನಿನಲ್ಲಿ ಒಂದು ಪಟ್ಟಿ ತೋರಿಸುತ್ತಾರೆ. ಅಲ್ಯೂಮಿನಿಯಂ, ಫಾರ್ಮಾಲ್ಡಿಹೈಡ್, ಪಾದರಸ. "ಡಾಕ್ಟ್ರೇ, ಇದೆಲ್ಲ ನಿಜಾನಾ?"

ಹೆಸರುಗಳು ಬಹುತೇಕ ನಿಜವೇ. ಸುಳ್ಳು ಅಂತ ಸುಮ್ನೆ ತಳ್ಳಿಹಾಕಿದರೆ ಅವರು ಲಸಿಕೆಯ ಜೊತೆ ಬರುವ ಚೀಟಿ ಓದುತ್ತಾರೆ, ಅಲ್ಲಿ ಅವೇ ಹೆಸರುಗಳು ಕಾಣುತ್ತವೆ, ಆಮೇಲೆ ನಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಫೋನಿನ ಪಟ್ಟಿಯಲ್ಲಿ ಇಲ್ಲದೇ ಇರುವುದು ಪ್ರಮಾಣ.

ಫಾರ್ಮಾಲ್ಡಿಹೈಡ್ ಬಳಸುವುದು ವೈರಸ್ ಸಾಯಿಸಲು, ಬ್ಯಾಕ್ಟೀರಿಯಾದ ವಿಷದ ಶಕ್ತಿ ತೆಗೆಯಲು. ಕೊನೆಗೆ ಒಂದು ಡೋಸಿನಲ್ಲಿ ಉಳಿಯುವುದು ಹೆಚ್ಚೆಂದರೆ 0.1 ಮಿಲಿಗ್ರಾಂ. ನಮ್ಮ ದೇಹ ತಾನೇ ಇದನ್ನು ತಯಾರಿಸುತ್ತದೆ, ಎಳೆ ಮಗುವಿನ ರಕ್ತದಲ್ಲೂ ಇದಕ್ಕಿಂತ ಹಲವು ಪಟ್ಟು ಜಾಸ್ತಿ ಇರುತ್ತದೆ. ಅಲ್ಯೂಮಿನಿಯಂ ಲವಣ 1930ರ ದಶಕದಿಂದ ಬಳಕೆಯಲ್ಲಿದೆ. ದೇಹ ಲಸಿಕೆಗೆ ಚೆನ್ನಾಗಿ ಪ್ರತಿಕ್ರಿಯಿಸಲಿ ಅಂತ ಸೇರಿಸುತ್ತಾರೆ, ಒಂದು ಡೋಸಿನಲ್ಲಿ ಸಾಮಾನ್ಯವಾಗಿ 1 ಮಿಲಿಗ್ರಾಂಗಿಂತ ಕಡಿಮೆ. ಚುಚ್ಚಿದ ಜಾಗದಲ್ಲಿ ಕೆಲವು ವಾರ ಉಳಿಯುವ ಸಣ್ಣ ಗಂಟಿಗೆ ಎಷ್ಟೋ ಸಲ ಇದೇ ಕಾರಣ. ಅದು ತಾನಾಗೇ ಕರಗುತ್ತದೆ, ಉಜ್ಜಬೇಡಿ.

ಪಾದರಸದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಲವು ಡೋಸ್ ಇರುವ ಕೆಲವು ಬಾಟಲಿಗಳು ಕೆಡದಿರಲಿ ಅಂತ ಥಯೋಮರ್ಸಲ್ ಹಾಕುತ್ತಾರೆ. ಅದರಿಂದ ಬರುವುದು ಈಥೈಲ್ ಪಾದರಸ, ದೇಹ ಅದನ್ನು ಬೇಗ ಹೊರಹಾಕುತ್ತದೆ. ಮೀನಿನಲ್ಲಿ ಸೇರಿಕೊಂಡು ದೇಹದಲ್ಲಿ ತುಂಬಾ ದಿನ ಉಳಿಯುವುದು ಮೀಥೈಲ್ ಪಾದರಸ, ಅದೇ ಬೇರೆ. ಇನ್ನು ದಡಾರದ ಲಸಿಕೆಯಲ್ಲಿ ಇರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಥಯೋಮರ್ಸಲ್ ಹಾಕಿದರೆ ಅದು ಸತ್ತೇಹೋಗುತ್ತದೆ, ಹಾಗಾಗಿ ಹಾಕುವುದೇ ಇಲ್ಲ. ಆ ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನುವ ಭಯ ಹರಡಿದ್ದು 1998ರಲ್ಲಿ, ಕೇವಲ 12 ಮಕ್ಕಳ ಬಗ್ಗೆ ಬಂದ ಒಂದು ಲೇಖನದಿಂದ. ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆ 2010ರಲ್ಲಿ ಅದನ್ನು ಹಿಂಪಡೆಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಸಂಬಂಧ ಕಾಣಲಿಲ್ಲ.

ಹಾಗಂತ ಅಪರೂಪದ ಅಡ್ಡಪರಿಣಾಮಗಳೆಲ್ಲ ಕಟ್ಟುಕತೆ ಅಂತ ನಾನು ಹೇಳುವುದಿಲ್ಲ. 1998ರಲ್ಲಿ ಅಮೆರಿಕದಲ್ಲಿ ಬಂದ ರೋಟಾವೈರಸ್ ಲಸಿಕೆಯೊಂದನ್ನು ಮರುವರ್ಷವೇ ಹಿಂಪಡೆದರು, ಕೆಲವು ಶಿಶುಗಳಲ್ಲಿ ಕರುಳು ಒಂದರೊಳಗೊಂದು ಸಿಕ್ಕಿಕೊಂಡಿತ್ತು. ಕೆಲವು ಕೋವಿಡ್ ಲಸಿಕೆಗಳ ನಂತರ ತೀರ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿದ್ದು, ಬೇರೆ ಕೆಲವುಗಳ ನಂತರ ಹರೆಯದ ಹುಡುಗರ ಹೃದಯದ ಸ್ನಾಯು ಊದಿಕೊಂಡಿದ್ದು ಎರಡೂ ನಿಜ. ಇವೆಲ್ಲ ಗೊತ್ತಾಗಿದ್ದು ಡಾಕ್ಟರುಗಳು ತಾವು ಕಂಡಿದ್ದನ್ನು ವರದಿ ಮಾಡಿದ್ದರಿಂದ. "ಅದೇನೂ ಆಗಲ್ಲ, ಹೋಗಿ" ಅಂತ ಸಾಗಹಾಕುವ ಡಾಕ್ಟರನ್ನು ಕಂಡರೆ ನನಗೆ ಅದಕ್ಕೇ ಸಿಟ್ಟು ಬರುತ್ತದೆ.

ಯಾವಾಗ ಶುರುವಾಯಿತು ಅನ್ನುವುದು ನಮಗೆ ತುಂಬಾ ಮುಖ್ಯ. ಗಂಭೀರ ಅಲರ್ಜಿ ಸಾಮಾನ್ಯವಾಗಿ ನಿಮಿಷಗಳಲ್ಲೇ ಕಾಣಿಸುತ್ತದೆ, ಅರ್ಧ ಗಂಟೆ ಇಲ್ಲೇ ಕೂತಿರಿ ಅನ್ನುವುದು ಅದಕ್ಕೇ. ದಡಾರದ ಲಸಿಕೆಯ ಜ್ವರ ಬರುವುದು ಸುಮಾರು 7ರಿಂದ 12 ದಿನಗಳ ನಂತರ, ಆ ವೈರಸ್ ಬೆಳೆಯಲು ಅಷ್ಟು ಸಮಯ ಬೇಕು. ಹದಿಹರೆಯದವರು ಸೂಜಿ ಚುಚ್ಚಿದ ಕೂಡಲೇ ತಲೆತಿರುಗಿ ಬೀಳುವುದು ಬಹಳ ಸಲ ಭಯದಿಂದ, ಸ್ವಲ್ಪ ಹೊತ್ತು ಮಲಗಿಸಿದರೆ ಸರಿಹೋಗುತ್ತದೆ.

ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ, ಮೈಯೆಲ್ಲ ದದ್ದು ಎದ್ದರೆ ಕಾಯಬೇಡಿ, ಓಡಿ ಬನ್ನಿ. ಬೇರೆ ಏನಾದರೂ ವಿಚಿತ್ರ ಅನ್ನಿಸಿದರೆ ದಿನ, ಗಂಟೆ ಬರೆದಿಡಿ, ಸಾಧ್ಯವಾದರೆ ವಿಡಿಯೊ ಮಾಡಿ. ಕಾರ್ಡಿನಲ್ಲಿ ಲಸಿಕೆಯ ಹೆಸರಿನ ಜೊತೆ ಬ್ಯಾಚ್ ನಂಬರ್ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ, ವರದಿ ಕಳಿಸುವಾಗ ಅದು ಬೇಕೇ ಬೇಕು.